"ನಿಮ್ಮನ್ನು ಹಿಂದೆ ಎಂದಾದರೂ ನಿರಾಕರಿಸಲಾಗಿದೆಯೇ?" - ಒಂದು ಪ್ರಶ್ನೆಯ ಇತಿಹಾಸ

ವೀಸಾ ಅರ್ಜಿ ತುಂಬಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಹೆಸರು, ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಓದಿದ ಕಾಲೇಜು, ಕೆಲಸ ಮಾಡುವ ಕಂಪನಿ ಎಲ್ಲವನ್ನೂ ಸರಾಗವಾಗಿ ತುಂಬಿಕೊಂಡು ಹೋಗ್ತಾ ಇರ್ತೀವಿ. ಕೊನೆಯ ಪುಟಗಳ ಹತ್ತಿರ ಬಂದಾಗ ಒಂದು ಸಾಲು ಎದುರಾಗುತ್ತದೆ. ನಿಮಗೆ ಹಿಂದೆ ಎಂದಾದರೂ ವೀಸಾ ನಿರಾಕರಿಸಲಾಗಿದೆಯೇ? ದೇಶದೊಳಕ್ಕೆ ಬಿಡದೆ ವಾಪಸ್ ಕಳಿಸಲಾಗಿದೆಯೇ? ಪಕ್ಕದಲ್ಲಿ ಎರಡೇ ಚೌಕ. ಹೌದು, ಇಲ್ಲ.

ಯಾವತ್ತೂ ರಿಜೆಕ್ಟ್ ಆಗದವರು ಅರ್ಧ ಸೆಕೆಂಡಿನಲ್ಲಿ 'ಇಲ್ಲ' ಒತ್ತಿ ಮುಂದೆ ಹೋಗುತ್ತಾರೆ. ಆದವರ ಬೆರಳು ಮಾತ್ರ ಮೌಸ್ ಮೇಲೆ ನಿಂತುಬಿಡುತ್ತದೆ. ಐ.ಟಿ.ಯಲ್ಲಿರುವ ನಮ್ಮಂಥವರ ನಡುವೆ ಇಂಥವರು ಕಡಿಮೆ ಏನಿಲ್ಲ. ಬಿ.ಇ. ಮುಗಿದ ವರ್ಷ ಎಂ.ಎಸ್. ಮಾಡುವ ಆಸೆಯಿಂದ ರಾತ್ರಿ ರೈಲು ಹತ್ತಿ ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ, ಎರಡೇ ನಿಮಿಷದಲ್ಲಿ ಒಂದು ಚೀಟಿ ಹಿಡಿದು ಹೊರಬಂದಿರುತ್ತಾರೆ. ಆಮೇಲೆ ಇಲ್ಲೇ ಕೆಲಸ ಸಿಕ್ಕಿ, ಮದುವೆಯಾಗಿ, ಏಳೆಂಟು ವರ್ಷ ಕಳೆದ ಮೇಲೆ ಕೆನಡಾ ಪಿ.ಆರ್.ಗೆ ಅರ್ಜಿ ಹಾಕಲು ಕೂರುತ್ತಾರೆ. ಅಷ್ಟರಲ್ಲಿ ಪಾಸ್‌ಪೋರ್ಟೂ ಹೊಸದಾಗಿರುತ್ತದೆ. "ಅಯ್ಯೋ, ಹಳೇ ಕಥೆ ಯಾರಿಗೆ ಗೊತ್ತಾಗುತ್ತೆ, 'ಇಲ್ಲ' ಅಂತ ಹಾಕಪ್ಪಾ" ಎನ್ನುವ ಸಲಹೆ ಕ್ಯಾಂಟೀನಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೆಲವು ಏಜೆಂಟರ ಹತ್ತಿರ ಅದೇ ಸಲಹೆ ದುಡ್ಡಿಗೆ ಸಿಗುತ್ತದೆ.

ಈ ಸಲಹೆ ಎಷ್ಟು ಅಪಾಯಕಾರಿ ಅನ್ನುವುದು ಕಾನೂನು ಪುಸ್ತಕಕ್ಕಿಂತ ಇತಿಹಾಸ ಓದಿದರೆ ಚೆನ್ನಾಗಿ ತಿಳಿಯುತ್ತದೆ. ಈ ಪ್ರಶ್ನೆ ಯಾರೋ ಅಧಿಕಾರಿ ಕುತೂಹಲಕ್ಕೆ ಸೇರಿಸಿದ್ದಲ್ಲ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಅದನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಶುರುವಿನಲ್ಲಿ ಕಾನೂನಿಗೆ ಮುಖ್ಯವಾಗಿದ್ದದ್ದು ನಿಮ್ಮನ್ನು ವಾಪಸ್ ಕಳಿಸಿದ್ದರೇ ಎಂಬುದು. ಬರಬರುತ್ತಾ ಅದಕ್ಕಿಂತ ಹೆಚ್ಚು ಮುಖ್ಯವಾದದ್ದು, ಅದನ್ನು ನೀವು ಹೇಳಿದಿರೋ ಇಲ್ಲವೋ ಎಂಬುದು. ಈ ಬದಲಾವಣೆ ಹೇಗಾಯಿತು ಅಂತ ನೋಡೋಣ.

ಮೊದಲು ಹಡಗಿನ ಕಾಲಕ್ಕೆ ಹೋಗೋಣ. ಅಮೆರಿಕದಲ್ಲಿ ವಲಸೆಯ ಉಸ್ತುವಾರಿಯನ್ನು ಕೇಂದ್ರ ಸರ್ಕಾರ ಪೂರ್ತಿಯಾಗಿ ಕೈಗೆ ತೆಗೆದುಕೊಂಡದ್ದು 1891ರ ಕಾನೂನಿನಿಂದ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರ 1892ರ ಜನವರಿ 1ರಂದು ತೆರೆಯಿತು. ಆಗ ಈಗಿನ ಹಾಗೆ ಊರಿನಿಂದ ಹೊರಡುವ ಮೊದಲೇ ವೀಸಾ ಪಡೆಯಬೇಕಾಗಿರಲಿಲ್ಲ. ಟಿಕೆಟ್ ತೆಗೆದುಕೊಂಡು ಹಡಗು ಹತ್ತಿದರಾಯಿತು, ಪರೀಕ್ಷೆ ಏನಿದ್ದರೂ ಆ ಕಡೆಯ ದಡದಲ್ಲಿ. ಅಲ್ಲಿ ಫೇಲಾದವರನ್ನು ಹಡಗಿನ ಕಂಪನಿಯೇ ತನ್ನ ಖರ್ಚಿನಲ್ಲಿ ವಾಪಸ್ ಕರೆದೊಯ್ಯಬೇಕು ಅಂತ ಕಾನೂನು ಹೇಳಿತ್ತು.

ದುಡ್ಡು ಕೈಬಿಡುವುದೆಂದರೆ ಯಾವ ಕಂಪನಿ ಸುಮ್ಮನಿರುತ್ತದೆ ಹೇಳಿ? ಹಾಗಾಗಿ ಹತ್ತುವ ಮೊದಲೇ ಪ್ರಯಾಣಿಕರನ್ನು ವಿಚಾರಿಸುವುದು ಕಂಪನಿಗಳಿಗೂ ಅಗತ್ಯವಾಯಿತು. 1893ರ ಕಾನೂನು ಇದಕ್ಕೊಂದು ರೂಪ ಕೊಟ್ಟಿತು. ಪ್ರತಿಯೊಬ್ಬ ವಲಸಿಗನ ಬಗ್ಗೆಯೂ ಹಡಗಿನವರು ಒಂದು ಪಟ್ಟಿ ತುಂಬಿ ಕೊಡಬೇಕು. ಹೆಸರು, ವಯಸ್ಸು, ಕಸುಬು, ಓದು ಬರಹ ಬರುತ್ತದೆಯೇ, ಟಿಕೆಟ್ಟಿನ ದುಡ್ಡು ಕೊಟ್ಟವರು ಯಾರು, ಕೈಯಲ್ಲಿ ಎಷ್ಟು ಹಣವಿದೆ, ಜೈಲಿನಲ್ಲಿದ್ದದ್ದುಂಟೇ, ಬಹುಪತ್ನಿತ್ವ ಒಪ್ಪುತ್ತೀರಾ, ಹಿಂದೆ ಅಮೆರಿಕಕ್ಕೆ ಬಂದದ್ದುಂಟೇ.. ಇವತ್ತಿನ ವೀಸಾ ಫಾರ್ಮಿನ ಮುತ್ತಜ್ಜ ಈ ಪಟ್ಟಿಯೇ. ಆದರೆ 'ಹಿಂದೆ ನಿರಾಕರಿಸಲಾಗಿದೆಯೇ' ಅನ್ನುವ ಪ್ರಶ್ನೆ ಅದರಲ್ಲಿ ಇನ್ನೂ ಇರಲಿಲ್ಲ.

ಅದು ಬಂದದ್ದಕ್ಕೆ ಕಾರಣ ಸರಳ. ಒಂದು ಬಂದರಿನಲ್ಲಿ ವಾಪಸ್ ಕಳಿಸಿದವನು ಇನ್ನೊಂದು ಹಡಗು ಹತ್ತಿ ಇನ್ನೊಂದು ಬಂದರಿನಲ್ಲಿ ಇಳಿದರೆ? ಫೋಟೋ ಇಲ್ಲ, ಬೆರಳಚ್ಚಿಲ್ಲ, ಎರಡು ಬಂದರುಗಳ ದಾಖಲೆಗಳನ್ನು ಹೋಲಿಸಿ ನೋಡುವ ವ್ಯವಸ್ಥೆಯೂ ಇಲ್ಲ. 1917ರ ಅಮೆರಿಕನ್ ವಲಸೆ ಕಾನೂನು ಹೀಗೆ ಹೇಳಿತು: ಒಮ್ಮೆ ಹೊರಹಾಕಲ್ಪಟ್ಟವನು ಒಂದು ವರ್ಷದೊಳಗೆ ಮತ್ತೆ ಬಂದರೆ, ಮುಂಚಿತವಾಗಿ ಅನುಮತಿ ಪಡೆದಿರದಿದ್ದರೆ, ಅವನಿಗೆ ಪ್ರವೇಶವಿಲ್ಲ. ಹಡಗಿನ ಪಟ್ಟಿಯಲ್ಲೂ ಇದಕ್ಕೊಂದು ಕಾಲಂ ಬಂತು. ಅಂದರೆ ಈ ಪ್ರಶ್ನೆಯ ಮೂಲ ಉದ್ದೇಶ ಸಣ್ಣದು. ಒಂದು ವರ್ಷ ಕಾದಿದ್ದೀಯೋ ಇಲ್ಲವೋ ಹೇಳು, ಅಷ್ಟೇ. ಕಾದಿದ್ದರೆ ಹಳೆಯ ನಿರಾಕರಣೆ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುತ್ತಿರಲಿಲ್ಲ. (ಇದೇ 1917ರ ಕಾನೂನು ಭಾರತವೂ ಸೇರಿ ಏಷ್ಯಾದ ದೊಡ್ಡ ಭಾಗವನ್ನೇ 'ನಿಷೇಧಿತ ವಲಯ' ಅಂತ ಗೆರೆ ಎಳೆದು ಹೊರಗಿಟ್ಟಿತು. ನಮ್ಮ ಮಟ್ಟಿಗೆ ಒಂದು ವರ್ಷದ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ ಬಿಡಿ.) 1929ರಲ್ಲಿ ಇನ್ನೊಂದು ಕಾನೂನು ಬಂದು, ಗಡೀಪಾರಾದವರು ಅಕ್ರಮವಾಗಿ ವಾಪಸ್ ಬರುವುದನ್ನು ಜೈಲು ಶಿಕ್ಷೆಯ ಅಪರಾಧವನ್ನಾಗಿ ಮಾಡಿತು.

ನಡುವೆ 1924ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಆ ವರ್ಷದ ವಲಸೆ ಕಾನೂನಿನ ಪ್ರಕಾರ ಅಮೆರಿಕಕ್ಕೆ ವಲಸೆ ಹೋಗುವವರು ತಮ್ಮ ದೇಶದಲ್ಲಿರುವ ಅಮೆರಿಕನ್ ಕಾನ್ಸುಲ್ ಹತ್ತಿರ ಮೊದಲೇ ವೀಸಾ ಪಡೆಯಬೇಕಾಯಿತು. ಇದರಿಂದ ಬಡವರಿಗೆ ಒಂದು ಉಪಕಾರವಾಯಿತು. ಮನೆ ಮಠ ಮಾರಿ ಸಮುದ್ರ ದಾಟಿ, ಆ ದಡದಿಂದ ವಾಪಸ್ ಬರುವ ಗೋಳು ಕಡಿಮೆಯಾಯಿತು. ಆದರೆ ನಿರಾಕರಣೆ ಅನ್ನುವುದು ಬಂದರಿನಿಂದ ಕಚೇರಿಯ ಮೇಜಿಗೆ ಬಂತು. ಸುಲಭವಾಯಿತು, ಕಣ್ಣಿಗೆ ಕಾಣದಂತಾಯಿತು. ಬಂದರಿನಲ್ಲಿ ತಡೆದರೆ ಕನಿಷ್ಠ ಒಂದು ವಿಚಾರಣೆ ಇರುತ್ತಿತ್ತು, ಮೇಲ್ಮನವಿ ಇರುತ್ತಿತ್ತು. ಕಾನ್ಸುಲ್ ಇಲ್ಲ ಅಂದರೆ ಅದನ್ನು ಪ್ರಶ್ನಿಸಲು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. 1920ರ ದಶಕದಲ್ಲಿ ಶುರುವಾದ ಈ ಪರಂಪರೆ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಎರಡು ನಿಮಿಷದಲ್ಲಿ ಚೀಟಿ ಹಿಡಿದು ಹೊರಬಂದ ನಮ್ಮ ಹುಡುಗನ ಕಥೆಯ ಬೇರು ಇಲ್ಲಿದೆ ನೋಡಿ.

ಈಗ ನೀವು ಕೇಳಬಹುದು: ನಿರಾಕರಿಸಿದ್ದೇ ತಪ್ಪಾಗಿದ್ದರೆ? ಫಾರ್ಮಿನ ಚೌಕದಲ್ಲಿ ಅದನ್ನು ಹೇಳಲು ಜಾಗವೆಲ್ಲಿದೆ?

ಒಳ್ಳೆಯ ಪ್ರಶ್ನೆ. ಇದಕ್ಕೆ ನಮ್ಮವರದೇ ಒಂದು ಉದಾಹರಣೆ ಇದೆ, ಕೊಮಗಾಟ ಮಾರು. 1908ರಲ್ಲಿ ಕೆನಡಾ ಒಂದು ಜಾಣ ನಿಯಮ ಮಾಡಿತ್ತು. ಹುಟ್ಟಿದ ಅಥವಾ ಪೌರತ್ವ ಇರುವ ದೇಶದಿಂದ ಎಲ್ಲೂ ತಂಗದೆ, ನೇರ ಟಿಕೆಟ್ಟಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ಹಾಗೆ ನೇರವಾಗಿ ಬರುವ ದಾರಿಯೇ ಇಲ್ಲದಂತೆ ನೋಡಿಕೊಳ್ಳಲಾಯಿತು! ಗುರ್ದಿತ್ ಸಿಂಗ್ ಎಂಬುವರು ಈ ನಿಯಮವನ್ನು ಪರೀಕ್ಷಿಸಲೆಂದೇ ಜಪಾನಿನ ಹಡಗೊಂದನ್ನು ಬಾಡಿಗೆಗೆ ಹಿಡಿದರು. 1914ರ ಮೇ 23ರಂದು ಅದು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿತು. ಬಹುಪಾಲು ಪಂಜಾಬಿನ ಸಿಖ್ಖರು, ಜೊತೆಗೆ ಮುಸ್ಲಿಮರು, ಹಿಂದೂಗಳು. ಎಲ್ಲರೂ ಬ್ರಿಟಿಷ್ ಪ್ರಜೆಗಳೇ, ಕೆನಡಾವೂ ಬ್ರಿಟಿಷ್ ಸಾಮ್ರಾಜ್ಯದ್ದೇ.

ಎರಡು ತಿಂಗಳು ಹಡಗು ಬಂದರಿನಲ್ಲೇ ನಿಂತಿತ್ತು. ಮುನ್ಷಿ ಸಿಂಗ್ ಎಂಬ ಪ್ರಯಾಣಿಕನ ಹೆಸರಿನಲ್ಲಿ ಹೂಡಿದ ಮೊಕದ್ದಮೆಯನ್ನು ಬ್ರಿಟಿಷ್ ಕೊಲಂಬಿಯಾದ ಅಪೀಲು ನ್ಯಾಯಾಲಯ ಜುಲೈನಲ್ಲಿ ವಜಾ ಮಾಡಿತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದ ಕೆಲವರನ್ನೂ ಇನ್ನು ಬೆರಳೆಣಿಕೆಯ ಮಂದಿಯನ್ನೂ ಬಿಟ್ಟರೆ ಯಾರಿಗೂ ಇಳಿಯಲು ಅವಕಾಶವಾಗಲಿಲ್ಲ. ಜುಲೈ 23ರಂದು ನೌಕಾಪಡೆಯ ಹಡಗಿನ ಕಾವಲಿನಲ್ಲಿ ಅದನ್ನು ವಾಪಸ್ ಅಟ್ಟಲಾಯಿತು. ಸೆಪ್ಟೆಂಬರ್ ಕೊನೆಗೆ ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ ಸುಮಾರು 20 ಮಂದಿ ಸತ್ತರು. 2016ರ ಮೇ 18ರಂದು ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. 102 ವರ್ಷಗಳ ನಂತರ!

ಸುಮ್ಮನೆ ಹೀಗೆ ಯೋಚಿಸಿ ನೋಡಿ. ಆ ಹಡಗಿನಿಂದ ಬದುಕಿ ಬಂದವನೊಬ್ಬ ಮುಂದೆ ಬೇರೊಂದು ದೇಶಕ್ಕೆ ಹೋಗಲು ಇವತ್ತಿನ ಫಾರ್ಮು ತುಂಬಿದ್ದರೆ ಏನು ಬರೆಯಬೇಕಿತ್ತು? 'ಹೌದು' ಅಂತಲೇ. ಕಳ್ಳ ಪಾಸ್‌ಪೋರ್ಟಿನಲ್ಲಿ ಬಂದು ಸಿಕ್ಕಿಬಿದ್ದವನೂ 'ಹೌದು', ಅನ್ಯಾಯದ ಕಾನೂನಿಗೆ ಬಲಿಯಾದವನೂ 'ಹೌದು'. ಚೌಕ ಇಬ್ಬರಿಗೂ ಒಂದೇ. ಈ ಪ್ರಶ್ನೆಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದು. ಅದು ಘಟನೆಯನ್ನು ಕೇಳುತ್ತದೆ, ನ್ಯಾಯವನ್ನು ಕೇಳುವುದಿಲ್ಲ. ಹಾಗಂತ ತಕರಾರನ್ನು ಸುಳ್ಳಿನ ಮೂಲಕ ದಾಖಲಿಸಲು ಆಗುವುದಿಲ್ಲವಲ್ಲ. ಚೌಕದ ಕೆಳಗೆ 'ವಿವರಿಸಿ' ಅಂತ ಒಂದು ಜಾಗ ಇರುತ್ತದೆ. ನ್ಯಾಯ ಹೇಳಿಕೊಳ್ಳಲು ಇರುವುದು ಆ ಜಾಗ.

ಒಂದು ದೇಶದ ನಿರಾಕರಣೆ ಇನ್ನೊಂದು ದೇಶಕ್ಕೆ ಯಾಕೆ ಬೇಕು? ಇದಕ್ಕೆ 1934ರ ಒಂದು ಸ್ವಾರಸ್ಯದ ಕಥೆ ಇದೆ. ಎಗಾನ್ ಕಿಶ್ ಪ್ರಾಗ್ ನಗರದ ಪತ್ರಕರ್ತ, ಕಮ್ಯುನಿಸ್ಟ್, ಹಿಟ್ಲರನ ಕಡು ವಿರೋಧಿ. ಮೆಲ್ಬರ್ನ್‌ನಲ್ಲಿ ನಡೆಯಲಿದ್ದ ಯುದ್ಧ ವಿರೋಧಿ ಸಮ್ಮೇಳನಕ್ಕೆ ಹೊರಟವನನ್ನು ಆಸ್ಟ್ರೇಲಿಯಾ ಇಳಿಯಲು ಬಿಡಲಿಲ್ಲ. ಕಾರಣ? ಹಿಂದಿನ ವರ್ಷ ಬ್ರಿಟನ್ ಅವನನ್ನು ಒಳಗೆ ಬಿಟ್ಟಿರಲಿಲ್ಲ! ಇನ್ನೊಂದು ಸರ್ಕಾರದಿಂದ ಅಧಿಕೃತವಾಗಿ ಬಂದ ಮಾಹಿತಿಯ ಮೇಲೆ ವ್ಯಕ್ತಿಯೊಬ್ಬನನ್ನು ತಡೆಯುವ ಅಧಿಕಾರ ಆಸ್ಟ್ರೇಲಿಯಾದ ಕಾನೂನಿನಲ್ಲಿ ಮಂತ್ರಿಗೆ ಇತ್ತು.

ಕಿಶ್ ಸುಮ್ಮನಿರಲಿಲ್ಲ. ಮೆಲ್ಬರ್ನ್‌ನಲ್ಲಿ ಹಡಗಿನಿಂದ ಕಟ್ಟೆಗೆ ಹಾರಿ ಕಾಲು ಮುರಿದುಕೊಂಡ. ಪೊಲೀಸರು ಅವನನ್ನು ಎತ್ತಿ ಮತ್ತೆ ಹಡಗಿಗೆ ಹಾಕಿದರು. ವಿಷಯ ಹೈಕೋರ್ಟಿನ ನ್ಯಾಯಮೂರ್ತಿ ಎವಟ್ ಅವರ ಮುಂದೆ ಬಂತು. ಮಾಹಿತಿ ಎಲ್ಲಿಂದ, ಹೇಗೆ ಬಂತು ಎಂಬುದನ್ನು ಸರ್ಕಾರ ಸರಿಯಾಗಿ ತೋರಿಸಿಲ್ಲ ಅಂತ ಅವರು ಕಿಶ್‌ನನ್ನು ಬಿಡುಗಡೆ ಮಾಡಿದರು. ಆಗ ಸರ್ಕಾರ ತನ್ನ ಹಳೆಯ ಅಸ್ತ್ರ ತೆಗೆಯಿತು. ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ 50 ಪದಗಳ ಉಕ್ತಲೇಖನ ಬರೆಸುವ ಪರೀಕ್ಷೆ ಅದು. ಬಿಳಿಯರಲ್ಲದವರನ್ನು ಹೊರಗಿಡಲೆಂದು 1901ರಲ್ಲಿ ತಂದದ್ದು. ಕಿಶ್‌ಗೆ ಹಲವು ಭಾಷೆ ಬರುತ್ತಿದ್ದವು. ಅದಕ್ಕೇ ಸ್ಕಾಟಿಷ್ ಗೇಲಿಕ್‌ನಲ್ಲಿ ಬರೆಯಲು ಹೇಳಿದರು! ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟು, ಕಾನೂನಿನ ಅರ್ಥದಲ್ಲಿ ಗೇಲಿಕ್ ಒಂದು ಯುರೋಪಿಯನ್ ಭಾಷೆ ಅಲ್ಲ ಅಂತ ತೀರ್ಪು ಕೊಟ್ಟಿತು. ಪ್ರಕರಣ ದೇಶವಿಡೀ ನಗೆಪಾಟಲಾಯಿತು.

ನಗು ಬರುವ ಕಥೆಯೇ. ಆದರೆ ಅದರೊಳಗೆ ಇವತ್ತಿನ ವ್ಯವಸ್ಥೆಯ ಬೀಜ ಇದೆ. ಒಬ್ಬರು ಬೇಡ ಅಂದವನನ್ನು ಇನ್ನೊಬ್ಬರೂ ಅನುಮಾನದಿಂದ ನೋಡುವುದು, ಅದಕ್ಕಾಗಿ ಸರ್ಕಾರಗಳು ತಮ್ಮೊಳಗೆ ಮಾಹಿತಿ ಹಂಚಿಕೊಳ್ಳುವುದು. ಕಿಶ್ ಗೆದ್ದದ್ದು ಮಾಹಿತಿ ಹಂಚುವಿಕೆಯ ದಾಖಲೆ ಸರಿ ಇರಲಿಲ್ಲ ಅನ್ನುವ ಕಾರಣಕ್ಕೆ. ಈಗ ಆ ದಾಖಲೆ ಪಕ್ಕಾ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಸುಳ್ಳು ಹೇಳಿ ಗೆದ್ದವರು ಯಾರೂ ಇಲ್ಲವೇ? ಇದ್ದಾರೆ, ಸಾವಿರಾರು ಜನ. ಅವರ ಕಥೆಯನ್ನೂ ಕೇಳಿ.

1882ರಲ್ಲಿ ಅಮೆರಿಕ ಚೀನೀ ಕೂಲಿಕಾರರ ಪ್ರವೇಶ ನಿಷೇಧಿಸಿತು. ವ್ಯಾಪಾರಿಗಳು, ವಿದ್ಯಾರ್ಥಿಗಳಂಥ ಕೆಲವರಿಗೆ ವಿನಾಯಿತಿ ಇತ್ತು. ಅಮೆರಿಕದಲ್ಲೇ ಹುಟ್ಟಿದವರನ್ನು ಮತ್ತು ಅವರ ಮಕ್ಕಳನ್ನು ತಡೆಯುವ ಹಾಗಿರಲಿಲ್ಲ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪವಾಗಿ, ಅದರ ಹಿಂದೆಯೇ ಬೆಂಕಿ ಬಿದ್ದು ಊರಿನ ಜನನ ದಾಖಲೆಗಳು ಸುಟ್ಟುಹೋದವು. ಅಲ್ಲಿದ್ದ ಅನೇಕ ಚೀನೀಯರು 'ನಾನು ಇಲ್ಲೇ ಹುಟ್ಟಿದವನು' ಅಂದರು. ಅಲ್ಲ ಅನ್ನಲು ಸರ್ಕಾರದ ಹತ್ತಿರ ಕಾಗದವಿಲ್ಲ. ಆಮೇಲೆ ಚೀನಾಕ್ಕೆ ಹೋಗಿ ಬಂದಾಗಲೆಲ್ಲ ಅಲ್ಲಿ ಒಬ್ಬ ಮಗ ಹುಟ್ಟಿದ ಅಂತ ಬರೆಸುವುದು, ಇಲ್ಲದ ಆ ಮಗನ ಹೆಸರನ್ನು ಬೇರೆಯವರಿಗೆ ಮಾರುವುದು. ಹೀಗೆ ಬಂದವರನ್ನು 'ಕಾಗದದ ಮಕ್ಕಳು' ಅಂತ ಕರೆದರು.

ಸರ್ಕಾರಕ್ಕೆ ಇದು ಗೊತ್ತಾಗದೇ ಇರಲಿಲ್ಲ. 1910ರಿಂದ 1940ರವರೆಗೆ ಏಂಜೆಲ್ ದ್ವೀಪದಲ್ಲಿ ಬಂದವರನ್ನು ವಾರಗಟ್ಟಲೆ, ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಎಲ್ಲಿಡುತ್ತೀರಿ? ಪಕ್ಕದ ಮನೆಯವರ ಮಕ್ಕಳ ಹೆಸರೇನು? ಅಪ್ಪನ ಉತ್ತರ ಮಗನ ಉತ್ತರ ತಾಳೆಯಾಗಬೇಕು. ಇದಕ್ಕಾಗಿ ಊರಿನಲ್ಲೇ ಉತ್ತರಗಳ ಪುಸ್ತಕ ಬಾಯಿಪಾಠ ಮಾಡಿ, ದಡ ಬರುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದರು. ತಮಾಷೆಯೆಂದರೆ ನಿಜವಾದ ಮಗನೂ ಮೆಟ್ಟಿಲ ಲೆಕ್ಕ ತಪ್ಪಿ ಹೇಳಿ ಸಿಕ್ಕಿಬೀಳುವ ಸಾಧ್ಯತೆ ಇತ್ತು. ಬಾಯಿಪಾಠ ಮಾಡಿದವನೇ ವಾಸಿ!

ಈ ಕಾನೂನು ಜನಾಂಗದ್ವೇಷದಿಂದ ಹುಟ್ಟಿದ್ದು ಅನ್ನುವುದರಲ್ಲಿ ಎರಡು ಮಾತಿಲ್ಲ. 1943ರಲ್ಲಿ ಅಮೆರಿಕವೇ ಅದನ್ನು ರದ್ದು ಮಾಡಿತು. ಆದರೆ ಸುಳ್ಳು ರದ್ದಾಗಲಿಲ್ಲ. ಒಳಗೆ ಬಂದವರು ಜೀವನವಿಡೀ ಬೇರೆಯವರ ಮನೆತನದ ಹೆಸರಿನಲ್ಲಿ ಬದುಕಿದರು. ಮಕ್ಕಳಿಗೂ ಅದೇ ಹೆಸರು. ನಿಜವಾದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕೆಂದರೆ ಕಾಗದದಲ್ಲಿ ಅವರು ಬೇರೆ ಯಾರೋ. ಕೊನೆಗೆ 1956ರಲ್ಲಿ ವಲಸೆ ಇಲಾಖೆ ತಪ್ಪೊಪ್ಪಿಗೆಯ ಯೋಜನೆಯೊಂದನ್ನು ಶುರು ಮಾಡಿತು. ನಿಜ ಹೇಳಿ, ಅರ್ಹತೆ ಇದ್ದರೆ ನಿಮ್ಮ ಸ್ಥಿತಿಯನ್ನು ಸಕ್ರಮ ಮಾಡುತ್ತೇವೆ ಅಂತ. ಸುಮಾರು ಹತ್ತು ವರ್ಷ ನಡೆದ ಇದರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ತಪ್ಪೊಪ್ಪಿಕೊಂಡರು. ಒಬ್ಬ ಒಪ್ಪಿಕೊಂಡರೆ ಅವನ ಕಾಗದದ ಅಪ್ಪ, ಅಣ್ಣ, ತಮ್ಮ ಎಲ್ಲರೂ ಬಯಲಾಗುತ್ತಿದ್ದರು. ಕುಟುಂಬಗಳು ಒಡೆದವು. ಎಡಪಂಥೀಯ ಒಲವಿದ್ದವರ ಮೇಲೆ ಇದನ್ನೇ ಆಯುಧವನ್ನಾಗಿ ಬಳಸಿದ್ದೂ ಉಂಟು.

ಅವರನ್ನು ಬೈಯ್ಯುವಷ್ಟು ದೊಡ್ಡವನು ನಾನಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ನಮ್ಮ ಕ್ಯಾಂಟೀನ್ ಸಲಹೆಗಾರರು ಒಂದನ್ನು ಗಮನಿಸಬೇಕು. ಮೇಜಿನ ಮುಂದೆ ಒಂದು ನಿಮಿಷದಲ್ಲಿ ಹೇಳಿದ ಸುಳ್ಳನ್ನು ಐವತ್ತು ವರ್ಷ ಸಾಕಬೇಕಾಯಿತು. ಪ್ರತಿ ಹೊಸ ಫಾರ್ಮಿನಲ್ಲೂ ಅದನ್ನೇ ಮತ್ತೆ ಬರೆಯಬೇಕಾಯಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಬಡ್ಡಿ ಬೆಳೆಯುತ್ತಲೇ ಹೋಗುವ ಸಾಲ. ವೀಸಾ, ಪಿ.ಆರ್., ಪೌರತ್ವ ಒಂದೊಂದು ಮೆಟ್ಟಿಲಲ್ಲೂ ಹಳೆಯ ಉತ್ತರ ಹೊಸ ಉತ್ತರಕ್ಕೆ ಹೊಂದಬೇಕು.

ಈಗ ಕಾನೂನು ಹೇಗೆ ಬದಲಾಯಿತು ಅನ್ನುವುದಕ್ಕೆ ಬರೋಣ. 1952ರ ಅಮೆರಿಕನ್ ವಲಸೆ ಕಾನೂನು, ವಂಚನೆಯಿಂದ ಅಥವಾ ಮುಖ್ಯ ವಿಷಯವೊಂದರಲ್ಲಿ ಬೇಕೆಂದೇ ಸುಳ್ಳು ಹೇಳಿ ವೀಸಾ ಪಡೆಯಲು ಯತ್ನಿಸಿದವರನ್ನು ಹೊರಗಿಡುವ ಅಂಶವನ್ನು ಸೇರಿಸಿತು. ಇದಕ್ಕೆ ವರ್ಷದ ಮಿತಿ ಇಲ್ಲ. ಕೆಲವರಿಗೆ ವಿನಾಯಿತಿ ಸಿಗಬಹುದು, ಇಲ್ಲದಿದ್ದರೆ ಜೀವನಪರ್ಯಂತ. 1917ರ ಒಂದು ವರ್ಷದ ಕಾಯುವಿಕೆ ಎಲ್ಲಿ, ಇದೆಲ್ಲಿ!

'ಮುಖ್ಯ ವಿಷಯ' ಅಂದರೇನು? ರಾಬರ್ಟ್ ಕೆನಡಿ ಅಟಾರ್ನಿ ಜನರಲ್ ಆಗಿದ್ದ 1961ರಲ್ಲಿ ಇದಕ್ಕೊಂದು ವ್ಯಾಖ್ಯೆ ಬಂತು. ನಿಜ ಹೇಳಿದ್ದರೆ ನಿಮಗೆ ಪ್ರವೇಶ ಸಿಗುತ್ತಲೇ ಇರಲಿಲ್ಲ ಅಂತಾದರೆ ಆ ಸುಳ್ಳು ಮುಖ್ಯವಾದದ್ದು. ಅದು ಒಂದು ಬಗೆ. ಇನ್ನೊಂದು ಬಗೆಯಲ್ಲಿ, ಅಧಿಕಾರಿ ಮುಂದೆ ಕೇಳಬಹುದಾಗಿದ್ದ ಪ್ರಶ್ನೆಗಳ ದಾರಿಯನ್ನೇ ನಿಮ್ಮ ಸುಳ್ಳು ಮುಚ್ಚಿದ್ದು, ಆ ದಾರಿಯಲ್ಲಿ ಹೋಗಿದ್ದರೆ ನಿಮ್ಮನ್ನು ತಡೆಯಲು ಸರಿಯಾದ ಕಾರಣ ಸಿಗಬಹುದಾಗಿತ್ತು ಅಂತಾದರೆ, ಆಗಲೂ ಮುಖ್ಯವಾದದ್ದೇ. ಈ ಎರಡನೆಯದೇ ನಮಗೆ ಬೇಕಾದದ್ದು. ಹಳೆಯ ನಿರಾಕರಣೆ ಅನ್ನುವುದು ಸ್ವತಃ ದೋಷ ಅಲ್ಲ. ಅದು ಒಂದು ಬಾಗಿಲು. 'ಯಾಕೆ ನಿರಾಕರಿಸಿದರು, ಈಗ ಏನು ಬದಲಾಗಿದೆ' ಅಂತ ಕೇಳುವ ಬಾಗಿಲು. 'ಇಲ್ಲ' ಅಂತ ಬರೆದಾಗ ನಾವು ಆ ಬಾಗಿಲಿಗೆ ಅಡ್ಡ ನಿಂತ ಹಾಗೆ.

ಬೇರೆ ದೇಶಗಳೂ ಇದೇ ದಾರಿ ಹಿಡಿದವು. ಕೆನಡಾದಲ್ಲಿ 2002ರಲ್ಲಿ ಜಾರಿಗೆ ಬಂದ ಕಾನೂನು, ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಮುಖ್ಯ ವಿಷಯ ತಿರುಚಿದರೆ ಅಥವಾ ಮುಚ್ಚಿಟ್ಟರೆ 2 ವರ್ಷ ನಿಷೇಧ ಅಂದಿತು. 2014ರ ನವೆಂಬರ್‌ನಲ್ಲಿ ಅದು 5 ವರ್ಷವಾಯಿತು. 'ಪರೋಕ್ಷವಾಗಿ' ಅನ್ನುವ ಪದ ಗಮನಿಸಿ. ಏಜೆಂಟ್ ಬರೆದದ್ದು, ನನಗೆ ಗೊತ್ತಿಲ್ಲ ಅಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಸಹಿ ನಿಮ್ಮದು ತಾನೆ? ಬ್ರಿಟನ್ 2008ರಲ್ಲಿ ವಂಚನೆಗೆ 10 ವರ್ಷದವರೆಗಿನ ನಿಷೇಧ ತಂದಿತು. 2010ರಲ್ಲಿ ಅಲ್ಲಿನ ಅಪೀಲು ನ್ಯಾಯಾಲಯ, ಬರೀ ತಪ್ಪಾಗಿ ಬರೆದದ್ದು ಸಾಲದು, ಅಪ್ರಾಮಾಣಿಕತೆ ಇರಬೇಕು ಅಂತ ಹೇಳಿ ಸ್ವಲ್ಪ ಸಮಾಧಾನ ಕೊಟ್ಟಿತು. ಆಸ್ಟ್ರೇಲಿಯಾ 2011ರಲ್ಲಿ ಸುಳ್ಳು ಮಾಹಿತಿಗೆ 3 ವರ್ಷದ ನಿಯಮ ತಂದಿತು.

ಇನ್ನು 'ಯಾರಿಗೆ ಗೊತ್ತಾಗುತ್ತೆ' ಅನ್ನುವ ಮಾತು. ಒಂದು ಕಾಲದಲ್ಲಿ ಅದಕ್ಕೆ ಸ್ವಲ್ಪ ಅರ್ಥ ಇತ್ತು. ಅಮೆರಿಕನ್ ಕಾನ್ಸುಲೇಟುಗಳು ಅರ್ಜಿ ಹಾಕಿದವರ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ 'ಅರ್ಜಿ ಸ್ವೀಕರಿಸಲಾಗಿದೆ' ಅನ್ನುವ ಅರ್ಥದ ಮುದ್ರೆ ಒತ್ತುತ್ತಿದ್ದವು. ವೀಸಾ ಇಲ್ಲದೆ ಬರೀ ಆ ಮುದ್ರೆ ಇದ್ದರೆ ಕಥೆ ಏನು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಪಾಸ್‌ಪೋರ್ಟ್ ಬದಲಾದರೆ ಮುದ್ರೆಯೂ ಹೋಯಿತು ಅಂತ ಜನ ನಂಬಿದ್ದರು. ಆದರೆ 2004ರ ಹೊತ್ತಿಗೆ ಅಮೆರಿಕ ತನ್ನ ವೀಸಾ ಕಚೇರಿಗಳಲ್ಲೆಲ್ಲ ಬೆರಳಚ್ಚು ತೆಗೆದುಕೊಳ್ಳಲು ಶುರು ಮಾಡಿತು. 2009ರಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಬೆರಳಚ್ಚುಗಳನ್ನು ಪರಸ್ಪರ ಹೋಲಿಸಿ ನೋಡುವ ಒಪ್ಪಂದ ಮಾಡಿಕೊಂಡವು. ಅಮೆರಿಕ, ನ್ಯೂಜಿಲೆಂಡ್ ಆಮೇಲೆ ಸೇರಿದವು. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಕೆನಡಾ ವೀಸಾ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಡೇಟಾಬೇಸ್ ಗೊತ್ತಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಾಸ್‌ಪೋರ್ಟ್ ನಂಬರ್ ಬದಲಾಗುತ್ತದೆ, ಹೆಸರಿನ ಸ್ಪೆಲ್ಲಿಂಗ್ ಬದಲಾಗುತ್ತದೆ. ಬೆರಳು ಬದಲಾಗುವುದಿಲ್ಲ. ಅದೇ ಪ್ರೈಮರಿ ಕೀ!

ಅಂದರೆ ಉತ್ತರ ಅನೇಕ ಸಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಹಾಗಿದ್ದೂ ಕೇಳುತ್ತಾರೆ. ಹಡಗಿನ ಕಾಲದಲ್ಲಿ ಬೇರೆ ದಾರಿ ಇಲ್ಲದ್ದಕ್ಕೆ ಕೇಳುತ್ತಿದ್ದರು. ಈಗ ಅದೇ ಪ್ರಶ್ನೆ ನಿಮ್ಮ ಮಾತನ್ನು ತೂಗಿ ನೋಡುವ ತಕ್ಕಡಿಯಾಗಿದೆ. ಪ್ರಶ್ನೆಯ ಅಕ್ಷರ ಹಾಗೇ ಇದೆ, ಕೆಲಸ ಬದಲಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ನಾನು ವಕೀಲನಲ್ಲ, ತೊಡಕಿದ್ದರೆ ಬಲ್ಲ ವಕೀಲರನ್ನೇ ಕೇಳಿ.

ಮೊದಲನೆಯದು, ಪ್ರಶ್ನೆಯನ್ನು ಪೂರ್ತಿ ಓದಿ. ಅಮೆರಿಕದ ಡಿಎಸ್-160 ಫಾರ್ಮು ವೀಸಾ ನಿರಾಕರಣೆಯ ವಿಷಯದಲ್ಲಿ ಕೇಳುವುದು ಅಮೆರಿಕದ ಬಗ್ಗೆ. ಕೆನಡಾದ ಫಾರ್ಮು ಕೆನಡಾ ಅಥವಾ ಬೇರೆ ಯಾವುದೇ ದೇಶ ಅಂತ ಕೇಳುತ್ತದೆ. ಚೆನ್ನೈನ ಚೀಟಿ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು, ಯಾವುದು ನಿರಾಕರಣೆ ಅನ್ನುವುದನ್ನು ನಾವು ತೀರ್ಮಾನ ಮಾಡಿಕೊಳ್ಳಬಾರದು. 'ಇನ್ನೂ ದಾಖಲೆ ತನ್ನಿ' ಅಂತ 221(ಜಿ) ಚೀಟಿ ಕೊಟ್ಟು, ಆಮೇಲೆ ವೀಸಾ ಬರದೇ ಹೋದರೆ ಅನೇಕರು ಅದನ್ನು ರಿಜೆಕ್ಷನ್ ಅಂದುಕೊಳ್ಳುವುದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ಪ್ರಕಾರ ಅದೂ ನಿರಾಕರಣೆಯೇ. ಹಾಗೆಯೇ 1996ರ ಕಾನೂನು ವಿಮಾನ ನಿಲ್ದಾಣದಿಂದಲೇ ತ್ವರಿತವಾಗಿ ಹೊರಹಾಕುವ ಕ್ರಮ ತಂದಿತು, ಅದಕ್ಕೆ ಕನಿಷ್ಠ 5 ವರ್ಷದ ನಿಷೇಧ. ಅದರ ಬದಲು ಕೆಲವರಿಗೆ ಅರ್ಜಿ ವಾಪಸ್ ಪಡೆದು ಹಿಂದಿರುಗಲು ಬಿಡುತ್ತಾರೆ. ಇದು ನಿಷೇಧ ಅಲ್ಲ, ಆದರೆ ಡಿಎಸ್-160 ಇದನ್ನೂ ಹೆಸರಿಟ್ಟು ಕೇಳುತ್ತದೆ.

ಮೂರನೆಯದು, 'ಹೌದು' ಬರೆದು ಅಲ್ಲಿಗೆ ಬಿಡಬೇಡಿ. ಯಾವ ದೇಶ, ಯಾವ ವರ್ಷ, ಯಾವ ಬಗೆಯ ವೀಸಾ, ಏನು ಕಾರಣ ಕೊಟ್ಟರು, ಆಮೇಲೆ ನಿಮ್ಮ ಸ್ಥಿತಿ ಏನು ಬದಲಾಗಿದೆ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಚೀಟಿ ಇದ್ದರೆ ಲಗತ್ತಿಸಿ. ಅಳುವುದೂ ಬೇಡ, ಅಧಿಕಾರಿಯನ್ನು ಬೈಯ್ಯುವುದೂ ಬೇಡ. ವಿದ್ಯಾರ್ಥಿ ವೀಸಾಗಳಲ್ಲಿ ಸಾಮಾನ್ಯವಾಗಿ ಕೊಡುವ 214(ಬಿ) ಕಾರಣದ ಅರ್ಥ, ನೀವು ಓದು ಮುಗಿಸಿ ವಾಪಸ್ ಬರುತ್ತೀರಿ ಎಂಬುದು ಅಧಿಕಾರಿಗೆ ಮನದಟ್ಟಾಗಲಿಲ್ಲ ಎಂದಷ್ಟೇ. ಅದು ನಿಮ್ಮ ನಡತೆಯ ಸರ್ಟಿಫಿಕೇಟ್ ಅಲ್ಲ. ಆಮೇಲೆ ಕೆಲಸ, ಮನೆ, ಸಂಸಾರ ಆಗಿದ್ದರೆ ಅದನ್ನು ಹೇಳಿಕೊಳ್ಳಲು ಇದೇ ಅವಕಾಶ.

ನಾಲ್ಕನೆಯದು, ಅರ್ಜಿಯನ್ನು ಏಜೆಂಟ್ ತುಂಬಿದರೂ ಕಳಿಸುವ ಮೊದಲು ಪ್ರತಿ ಪುಟ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಮುಂದಿನ ಅರ್ಜಿಗೆ ಅದೇ ನಿಮ್ಮ ನೆನಪು.

ಕೊನೆಗೊಂದು ವಿಷಯ. ಇದೆಲ್ಲ ಬಿಳಿಯರ ದೇಶಗಳ ದರ್ಪ ಅಂತ ಮೂಗು ಮುರಿಯುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 1967ರವರೆಗೆ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಅಂತ ಹೇಳಿತು. ಅದರ ಹಿಂದೆಯೇ ಪಾಸ್‌ಪೋರ್ಟ್ ಕಾಯಿದೆ ಬಂತು. ಯಾವ ಕಾರಣಗಳಿಗೆ ಪಾಸ್‌ಪೋರ್ಟ್ ನಿರಾಕರಿಸಬಹುದು ಅಂತ ಪಟ್ಟಿ ಮಾಡಿತು. ಬೇಕೆಂದೇ ಸುಳ್ಳು ಮಾಹಿತಿ ಕೊಡುವುದು, ಮುಖ್ಯ ಮಾಹಿತಿ ಮುಚ್ಚಿಡುವುದು ಅಪರಾಧ ಅಂತಲೂ ಹೇಳಿತು. ನಿಮ್ಮ ಪಾಸ್‌ಪೋರ್ಟ್ ಅರ್ಜಿ ತೆಗೆದು ನೋಡಿ. ಹಿಂದೆ ಪಾಸ್‌ಪೋರ್ಟ್ ನಿರಾಕರಿಸಲಾಗಿದೆಯೇ, ಗಡೀಪಾರಾಗಿ ವಾಪಸ್ ಬಂದದ್ದುಂಟೇ ಅಂತ ಅದೂ ಕೇಳುತ್ತದೆ. ಭಾರತಕ್ಕೆ ಬರುವ ವಿದೇಶಿಯರ ವೀಸಾ ಫಾರ್ಮಿನಲ್ಲೂ, ಭಾರತಕ್ಕೆ ಬರಲು ಅಥವಾ ಇಲ್ಲಿ ಉಳಿಯಲು ಹಿಂದೆ ಅನುಮತಿ ನಿರಾಕರಿಸಲಾಗಿದೆಯೇ ಅನ್ನುವ ಪ್ರಶ್ನೆ ಇದೆ. ನಾವು ಹೆದರುವ ಚೌಕವನ್ನು ನಾವೂ ಬೇರೆಯವರ ಮುಂದೆ ಇಟ್ಟಿದ್ದೇವೆ!

ನಿರಾಕರಿಸಿದ್ದು ಸರಿಯೋ ತಪ್ಪೋ ಅನ್ನುವುದು ನಮ್ಮ ಕೈಯಲ್ಲಿ ಇರಲಿಲ್ಲ. ಕೊಮಗಾಟ ಮಾರುವಿನವರ ಕೈಯಲ್ಲೂ ಇರಲಿಲ್ಲ. ಅದನ್ನು ಹೇಗೆ ಹೇಳುತ್ತೇವೆ ಅನ್ನುವುದು ಮಾತ್ರ ನಮ್ಮದು. ನಿಮ್ಮ ಸ್ನೇಹಿತರು ಯಾರಾದರೂ ಆ ಚೌಕದ ಮುಂದೆ ಮೌಸ್ ಹಿಡಿದು ಕೂತಿದ್ದರೆ, ದಯವಿಟ್ಟು 'ಇಲ್ಲ ಅಂತ ಹಾಕು' ಅನ್ನಬೇಡಿ. 'ಹೌದು' ಅಂತ ಹಾಕಿಸಿ, ಕೆಳಗಿನ ನಾಲ್ಕು ಸಾಲು ಬರೆಯಲು ಪಕ್ಕದಲ್ಲಿ ಕೂತು ಸಹಾಯ ಮಾಡಿ.